ಪುಟ್ಟಗೌರಮ್ಮ ಬಿಟ್ಟುಕೊಡದ ಗದ್ದೆ

ಸಿಂಧಘಟ್ಟದ ದ್ಯಾವಯ್ಯನವರ ಮಗಳು, ಗಂಜಾಂನ ಚಲುವಯ್ಯನವರ ಪತ್ನಿ ಪುಟ್ಟಗೌರಮ್ಮ ಕಳೆದ ಮಾಘದಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೆಂಟು ವರ್ಷ. ಗಂಡ ಮೊದಲೇ ಹೋಗಿದ್ದರು. ಉಳಿದವರು ಮಗಳು ಮಾನಸ, ತಮ್ಮ ತಿಮ್ಮರಾಜು.

ಹಗಲು ನಿಮಿಷಾಂಬ ಗುಡಿಯ ಮುಂದೆ ನಿಂಬೆಹಣ್ಣು ಮಾರಿ, ಸಂಜೆ ನಮ್ಮೊಂದಿಗೆ ಊರಿನ ದೊಡ್ಡವರ ಇಂಗ್ಲಿಷ್ ತರಗತಿಯಲ್ಲಿ ಕೂರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹೇಮಶ್ರೀ ಮೇಡಂ ಹಲಗೆಯ ಮೇಲೆ ‘ಗಿವ್ ಅಪ್’ ಎಂದು ಬರೆದರು. ಬೀಡಿ ಬಿಡುವುದಕ್ಕೂ ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಡುವುದಕ್ಕೂ ಅದನ್ನೇ ಬಳಸುತ್ತಾರೆಂದು ತಿಳಿಸಿದರು.

“ಮೇಡಮ್ಮೋರೆ, ತೌರಲ್ಲಿ ಪಾಲು ಬುಟ್ಕೊಡಾದಕ್ಕೂ ಇದೇಯಾ?” ಎಂದರು ಪುಟ್ಟಗೌರಮ್ಮ.

“ಇದೇ. ಆದ್ರೆ ನೀವಾಗೇ ಬಿಟ್ಟುಕೊಡಬೇಕು. ಕಿತ್ಕೊಂಡ್ರೆ ಅದಕ್ಕೆ ಬೇರೆ ಮಾತಿದೆ.”

“ನಮ್ ಕಡೆ ಕಿತ್ಕಳೋರೂ ತಟ್ಟೇಲಿ ಸೀರೆ ಮಡೀಕಂಡೇ ಬತ್ತಾರೆ ಕಣವ್ವ.”

ತರಗತಿ ನಕ್ಕಿತು. ಅವರು ನಗಲಿಲ್ಲ. ಹೆಣ್ಣುಮಕ್ಕಳಿಗೆ ಸೀರೆಯೊಂದನ್ನು ಕೊಟ್ಟು, ಆಸ್ತಿಯಲ್ಲಿ ಪಾಲು ಬೇಡವೆಂದು ರುಜು ಹಾಕಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದದ್ದು. ಹಾಕಿದವಳು ಒಳ್ಳೆಯ ಅಕ್ಕ.

ಆ ವಾರವೇ ತಿಮ್ಮರಾಜು ಸೀರೆ ಹಿಡಿದು ಬಂದ. ಪುಟ್ಟಗೌರಮ್ಮ ಬುಟ್ಟಿಯಿಂದ ತಲೆಯೆತ್ತಲಿಲ್ಲ.

“ಅಪ್ಪನ ಗದ್ದೇಲಿ ನನ್ ಪಾಲ ಗಿವ್ ಅಪ್ ಮಾಡಾಕಿಲ್ಲ ಕಣ್ಲಾ.”

“ಇಂಗ್ಲೀಸು ಕಲ್ತು ತೌರು ಕಳ್ಕತೀಯ ಕಣಕ್ಕ. ನಾಳೆ ನೀ ಸತ್ರೆ ತೌರು ಸೀರೆ ಯಾರ್ ತತ್ತಾರೆ?”

ಅವರು ಬೆಚ್ಚಿದ್ದು ಈ ಮಾತೊಂದಕ್ಕೇ. ತವರಿನ ಸೀರೆ ಹೊದಿಸದೆ ನಮ್ಮಲ್ಲಿ ಹೆಂಗಸಿನ ಹೆಣ ಎತ್ತುವುದಿಲ್ಲ. ಆದರೂ ರುಜು ಹಾಕಲಿಲ್ಲ. ಅಂದಿನಿಂದ ತವರಿನ ಬಾಗಿಲು ಮುಚ್ಚಿತು. ಗದ್ದೆಯನ್ನೆಲ್ಲ ತಮ್ಮನೇ ಉತ್ತು ಉಂಡ.

ಅಕ್ಕ ಸತ್ತ ದಿನ ಅವನು ಸೀರೆ ತಂದ. ಅಂಗಳದಲ್ಲಿಯೇ ನಿಂತು ಮಾನಸಳಿಗೆ ಹೇಳಿದ:

“ನೀನಾದ್ರೂ ರುಜು ಆಕ್ತೀನಿ ಅನ್ನವ್ವ. ಆಮೇಲೆ ಸೀರೆ ಕೊಡ್ತೀನಿ.”

ಜನ ಬಿಸಿಲಿನಲ್ಲಿ ಕಾದರು. “ಊಂ ಅನ್ನು ಮಗ, ಎಣ ಕಾಯಿಸ್ಬಾರ್ದು,” ಎಂದರು ಹಿರಿಯರೆನಿಸಿಕೊಂಡವರು. ತಿಮ್ಮರಾಜುವಿಗೆ ಒಂದು ಮಾತು ಹೇಳುವ ಬಾಯಿ ಯಾರಿಗೂ ಇರಲಿಲ್ಲ.

“ಅವ್ವ ಬದುಕಿದ್ದಾಗ್ಲೇ ಬುಟ್ಕೊಡ್ನಿಲ್ಲ ಮಾವ. ಸತ್ಮೇಲೆ ಅವಳ ಎಸರಲ್ಲಿ ನಾನ್ ಬುಟ್ಕೊಡ್ಲಾ? ನಿನ್ ಸೀರೆ ನೀನೇ ಮಡೀಕೊ,” ಎಂದಳು ಮಾನಸ. ತಾಯಿ ನಿಂಬೆಹಣ್ಣು ಮಾರಲು ಉಡುತ್ತಿದ್ದ ಸೀರೆಯನ್ನೇ ತಂದು ಹೊದಿಸಿದಳು. ಹೆಗಲು ಕೊಡಲು ಗಂಡಸರು ಮುಂದೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ತಿಮ್ಮರಾಜು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಪುಟ್ಟಗೌರಮ್ಮ ಬಿಟ್ಟುಹೋದದ್ದು ಇಷ್ಟು: ಬಿದಿರಿನ ಬುಟ್ಟಿ, ಕಡ್ಡಿ ಮುರಿದ ಕೊಡೆ, ರಟ್ಟು ಹಾಕಿದ ಇಂಗ್ಲಿಷ್ ಪುಸ್ತಕ, ಮಗಳು ಮಾನಸ, ಮತ್ತು ಸಿಂಧಘಟ್ಟದಲ್ಲಿ ತಿಮ್ಮರಾಜು ಇಂದಿಗೂ ಉಳುತ್ತಿರುವ ಗದ್ದೆಯ ಅರ್ಧ.