ಹಿತ್ತಲ ಕೊಳದ ಪಾಚಿ ಮತ್ತು ಅತ್ತೆಯ ಬೆರಳು

ಪಾಚಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ರಾಮನಗರದ ನಮ್ಮ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲು ಕೀಳಿಸಿ, ಮನೆಯವರು ಆಸೆಪಟ್ಟು ಸಿಮೆಂಟಿನ ಪುಟ್ಟ ಕೊಳ ಕಟ್ಟಿಸಿ ಕೆಂಪು ಮೀನು ಬಿಟ್ಟರು. ಆಸೆ ಅವರದು, ತಿಕ್ಕುವ ಕೆಲಸ ನನ್ನದು! ಭಾನುವಾರ ಬಂತೆಂದರೆ ಸೀರೆ ಎತ್ತಿಕಟ್ಟಿ ತೆಂಗಿನ ನಾರು ಹಿಡಿದು ನಿಲ್ಲುತ್ತಿದ್ದೆ. ಅರ್ಧರ್ಧ ನೀರು ಬದಲಿಸಿದೆ, ಬಿಸಿಲಿಗೆ ಅಡ್ಡವಾಗಿ ಬಲೆ ಕಟ್ಟಿಸಿದೆ. ಊಹೂಂ. ಗುರುವಾರದ ಹೊತ್ತಿಗೆ ನೀರು ಮತ್ತೆ ಸೊಪ್ಪಿನ ಸಾರು.

ಕೊನೆಗೆ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ ಒಂದು ಲೋಡು ಮಣ್ಣು ಹೇಳಿದೆ. ಕೊಳ ಮುಚ್ಚಿ ಕರಿಬೇವು ಹಾಕುವುದೆಂದು ತೀರ್ಮಾನ. ಮನೆಯವರು ಹೂಂ ಎಂದರು. ಅತ್ತೆ ಮಾತ್ರ ಅರ್ಧ ಊಟಕ್ಕೇ ಎದ್ದುಹೋದರು. ನಾಲ್ಕು ಮೀನಿಗೆ ಇಷ್ಟು ಮುನಿಸೇ ಎಂದು ನನಗೆ ಇನ್ನೂ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತ ಕಿಟಕಿಯಿಂದ ನೋಡಿದೆ. ಅತ್ತೆ ಕೊಳದ ಕಟ್ಟೆಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಏನನ್ನೋ ಹಿಸುಕಿ ಹಿಡಿ ಹಿಡಿಯಾಗಿ ನೀರಿಗೆ ಹಾಕುತ್ತಿದ್ದರು. ಹತ್ತಿರ ಹೋದಾಗ ವಾಸನೆಯಲ್ಲೇ ಗೊತ್ತಾಯಿತು: ನೂಲು ತೆಗೆದ ರೇಷ್ಮೆಗೂಡಿನೊಳಗೆ ಉಳಿಯುವ ಬೆಂದ ಹುಳ. ಮೂವತ್ತು ವರ್ಷ ತಾವು ದುಡಿದ ನೂಲಿನ ಶೆಡ್ಡಿನಿಂದಲೇ ತರುತ್ತಿದ್ದರಂತೆ. ಮೀನು ತಿಂದು ಮಿಕ್ಕಿದ್ದು ತಳದಲ್ಲಿ ಕೊಳೆತರೆ ಪಾಚಿಗೆ ಬೇರೆ ಗೊಬ್ಬರ ಬೇಕೇ!

"ಅತ್ತೆ! ನಾನಿಲ್ಲಿ ತಿಕ್ಕಿ ತಿಕ್ಕಿ ಸಾಯ್ತಿದೀನಿ, ನೀವು ಹಿಂಗಾ ಮಾಡೋದು?"

ಅವರು ಬೆಚ್ಚಿದರು. ಆದರೆ ನೀರಿನಿಂದ ಕೈ ತೆಗೆಯಲಿಲ್ಲ. ಬೆರಳಿಗೆ ಮೀನುಗಳು ಮುತ್ತಿದ್ದವು.

"ಬೈಬ್ಯಾಡ ಕಣವ್ವ. ಕುದಿಯೋ ನೀರಲ್ಲಿ ಗೂಡು ಆಡ್ಸಿ ಆಡ್ಸಿ ಬೆರಳೆಲ್ಲ ಮರಗಟ್ಟೋಗವೆ. ಸೂಜಿ ಚುಚ್ಚುದ್ರೂ ತಿಳಿಯಕಿಲ್ಲ. ಇವು ಬಾಯಾಕ್ದಾಗ್ಲೇ ಒಸಿ ಗೊತ್ತಾಗೋದು."

ಬಿಸಿ ಪಾತ್ರೆಯನ್ನು ಅವರು ಬರಿಗೈಲಿ ಇಳಿಸುವುದನ್ನು ಕಂಡು, ನಮ್ಮತ್ತೆ ಗಟ್ಟಿಗಿತ್ತಿ ಎಂದು ನೆಂಟರೆದುರು ಹೊಗಳಿದವಳು ನಾನು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆ ಕೈ ಹಿಡಿದು ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಲ್ಲೇ ನಿಂತು ಫೋನ್ ಮಾಡಿ ಮಣ್ಣು ಬೇಡವೆಂದೆ.

"ಲೋಡಾಗೋಗೈತೆ ಕಣಕ್ಕ!" ಎಂದು ಟ್ರ್ಯಾಕ್ಟರಿನವನು ಕೂಗಾಡಿದ. ಕೂಗಾಡಲಿ.

ಆದರೆ ಪಾಚಿಗೆ ದಾರಿ ಕಾಣಬೇಕಲ್ಲ. ದಿನಕ್ಕೆ ನಾಲ್ಕೇ ಹುಳ, ಮಿಕ್ಕಿದ್ದನ್ನು ಜಾಲರಿಯಲ್ಲಿ ತೆಗೆದುಬಿಡುವುದು ಎಂದು ಅತ್ತೆಯನ್ನು ಒಪ್ಪಿಸಿದೆ. ನೆರಳಿಗೆ ನೈದಿಲೆ ನೆಟ್ಟೆ. ನೀರು ತಿಳಿಯಾಗುತ್ತ ಬಂತು, ಅತ್ತೆಯ ಮುಖ ಮಾತ್ರ ಬಾಡಿತು. ಆ ನಾಲ್ಕು ಹುಳ ಮುಗಿದೊಡನೆ ಮೀನುಗಳು ಬೆರಳು ಬಿಟ್ಟು ಚದುರುತ್ತಿದ್ದವು. "ಬರಿ ಕೈಗೆ ಯಾವ ಮೀನು ಬಂದಾತು ಬುಡು" ಎನ್ನುತ್ತಿದ್ದರು. ಆದರೂ ದಿನವೂ ಹೋಗಿ ಕೈ ಇಳಿಬಿಟ್ಟು ಕೂರುತ್ತಿದ್ದರು. ಪಾಚಿಯೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೇ ಅನ್ನಿಸಿತು.

ಹೀಗೇ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಹಿತ್ತಲಿಂದ ಕೂಗು.

"ಬಂದ್ವು ಕಣವ್ವ! ಕೈಯಾಗೆ ಏನೂ ಇಲ್ದಿದ್ರೂ ಬಂದ್ವು!"

ಹಿಟ್ಟಿನ ಕೈಯಲ್ಲೇ ಓಡಿದೆ.