ಚಾಚಾ ಸಣ್ಣ ಮಾಡಿಕೊಡದ ಪ್ಯಾಂಟು

ಚಾಚಾನ ಅಳತೆ ಟೇಪಿನಲ್ಲಿ ಇಪ್ಪತ್ತೆಂಟರಿಂದ ಮೂವತ್ತಾರರವರೆಗಿನ ಅಂಕಿಗಳು ಪೂರ್ತಿ ಅಳಿಸಿಹೋಗಿದ್ದವು. ಗೆರೆಗಳಷ್ಟೇ ಉಳಿದಿದ್ದವು. ಕಮರಿಪೇಟೆಯ ಗಂಡಸರ ಸೊಂಟಗಳು ಬಹುತೇಕ ಆ ಎಂಟು ಇಂಚುಗಳೊಳಗೇ ಬರುತ್ತಿದ್ದವು. ನಲವತ್ತು ವರ್ಷ ಅವರ ಹೆಬ್ಬೆರಳು ಅಲ್ಲಿಯೇ ಒತ್ತಿ ಒತ್ತಿ ಮಸಿ ಹೋಗಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿ ಮೆತ್ತಿ ಆ ಉಗುರೂ ನೀಲಿಯಾಗಿತ್ತು. ಹೊಸ ಟೇಪು ತೆಗೆದುಕೊಳ್ಳಿ ಎಂದರೆ, "ಅಂಕಿ ಹೋದ್ರ ಏನಾತ್ರಿ ಮಾಸ್ತರ್ರ, ಗೆರಿ ಅದಾವಲ್ಲ" ಎನ್ನುತ್ತಿದ್ದರು.

ಆ ಟೇಪು ಈಗ ನನ್ನ ಮೇಜಿನ ಮೇಲಿದೆ. ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ ಮಗನ ತಪಾಸಣೆ. ಕಾಗದಗಳನ್ನು ಮೂರು ಸಲ ಜೋಡಿಸಿಟ್ಟೆ. ಮಾಡಲು ಬೇರೆ ಕೆಲಸವಿಲ್ಲ. ಕೂತಲ್ಲಿ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಓಣಿಗೆಲ್ಲ ಅವರು ದರ್ಜಿ ಚಾಚಾ. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ನನ್ನ ಬಿಳಿ ಪ್ಯಾಂಟು, ಮಗನ ಶಾಲೆಯ ಚಡ್ಡಿ, ಆಮೇಲೆ ಅವನ ಕಾರ್ಖಾನೆಯ ಯೂನಿಫಾರ್ಮು ಎಲ್ಲವೂ ಅವರ ಕೈಯಲ್ಲೇ ಹೊಲಿಸಿದ್ದು. ಹಳೆಯ ಅಳತೆ ಪುಸ್ತಕದಲ್ಲಿದ್ದರೂ ಅವರು ಪ್ರತಿ ಸಲವೂ ಹೊಸದಾಗಿ ಅಳೆಯುತ್ತಿದ್ದರು. ಅವಸರ ಮಾಡಿದರೆ ಕೇಳುತ್ತಿರಲಿಲ್ಲ; ನೆಟ್ಟಗೆ ನಿಲ್ಲಿಸಿಯೇ ಟೇಪು ಹಿಡಿಯುತ್ತಿದ್ದರು. "ಹೋದ ವರ್ಷದ ಅಳತಿ ಹೋದ ವರ್ಷದ ಮನಷ್ಯಾಂದ್ರೀ. ಇವತ್ತಿನಾಂವ ಎಲ್ಲದಾನ? ನಿಂದರ್ಲಿ ಸರಳ." ನನಗಿಂತ ಶಿಸ್ತಿನವರು ಎಂದು ನಾನು ಒಪ್ಪಿಕೊಂಡಿದ್ದು ಓಣಿಯಲ್ಲಿ ಅವರೊಬ್ಬರನ್ನೇ.

ಮನೆಯಲ್ಲಿ ನಾನು, ಮಗ ಇಬ್ಬರೇ. ಐದಕ್ಕೆ ಏಳುವುದು, ಐದೂವರೆಗೆ ಹೊಟ್ಟೆ ಸಾಫಾಗುವುದು, ಆರಕ್ಕೆ ಸ್ನಾನ. ಅವನು ಚಿಕ್ಕವನಿದ್ದಾಗಿನಿಂದ ದಿನಾ ಬೆಳಿಗ್ಗೆ ನಾನು ಕೇಳುವುದು ಒಂದೇ ಪ್ರಶ್ನೆ: "ಹೊಟ್ಟಿ ಸಾಫ್ ಆತೇನೋ?" ಹ್ಞೂಂ ಎಂದರೆ ಸರಿ. ಇಲ್ಲವೆಂದರೆ ಬೈಗುಳ. ಇದು ಗೊತ್ತಿದ್ದ ಚಾಚಾ ಅಂಗಡಿಯಲ್ಲಿ ಎಲ್ಲರೆದುರು ಕಾಡಿಸುತ್ತಿದ್ದರು. "ನಮ್ಮ ಮಾಸ್ತರ್ರು ಮನ್ಯಾಗ ಹೊಟ್ಟಿಗೂ ಬೆಲ್ ಹೊಡೀತಾರ್ರೀ!"

ನಾಲ್ಕು ವರ್ಷದ ಹಿಂದೆ, ಮಗನಿಗೆ ಇಪ್ಪತ್ತೇಳು ಇದ್ದಾಗ, ಆ ಬೆಲ್ ತಪ್ಪತೊಡಗಿತು. ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ದಿನಕ್ಕೆ ಐದಾರು ಸಲ ಸಂಡಾಸಕ್ಕೆ ಹೋಗುತ್ತಿದ್ದ. ಹೋಗಿ ಬಂದು ಮತ್ತೆ ಹೋಗುತ್ತಿದ್ದ. ರಜೆಯ ದಿನ ಹಗಲೆಲ್ಲ ಮಲಗಿರುತ್ತಿದ್ದ. ಗಿರ್ಮಿಟ್ಟು, ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆಂದು ನಾನು ತೀರ್ಮಾನಿಸಿದೆ. ಒಂದು ದಿನ ಅವನೇ ಬಂದು ತಲೆ ತಗ್ಗಿಸಿ, "ಅಪ್ಪಾ, ರಕ್ತ ಬೀಳಾಕತ್ತೈತಿ" ಎಂದ.

"ಮೂಲವ್ಯಾಧಿ," ಎಂದೆ. "ಹೊತ್ತಿಗೆ ಸರಿಯಾಗಿ ಹೋಗಲಾರದ್ದಕ್ಕ ಬಂದೈತಿ. ಖಾರ ಬಿಡು, ಮಜ್ಜಿಗಿ ಕುಡಿ. ಲಗೂ ಏಳೋದು ಕಲಿ."

ಮರುದಿನದಿಂದ ನನ್ನ ಬೆಳಗಿನ ಪ್ರಶ್ನೆಗೆ ಅವನು ಹ್ಞೂಂ ಎನ್ನತೊಡಗಿದ. ಗುಣವಾಯಿತೆಂದು ತಿಳಿದೆ.

ಎರಡು ತಿಂಗಳಾಗಿರಬೇಕು. ಯೂನಿಫಾರ್ಮಿನ ಪ್ಯಾಂಟು ಸೊಂಟದಿಂದ ಜಾರುತ್ತಿತ್ತು. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡಿದ್ದ. ನನಗೆ ಕಂಡದ್ದು ಅಶಿಸ್ತು ಮಾತ್ರ. "ಚಾಚಾನ ಕಡೆ ಹೋಗಿ ಸಣ್ಣ ಮಾಡಿಸ್ಕೊಂಬಾ" ಎಂದು ಕಳಿಸಿದೆ.

ಮರುದಿನ ಹನ್ನೊಂದಕ್ಕೆ, ಮಗ ಕೆಲಸಕ್ಕೆ ಹೋಗಿದ್ದಾಗ, ಚಾಚಾ ತಾವೇ ಮನೆಗೆ ಬಂದರು. ಕಂಕುಳಲ್ಲಿ ಅದೇ ಪ್ಯಾಂಟು. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ಇದನ್ನ ನಾ ಸಣ್ಣ ಮಾಡಂಗಿಲ್ಲ್ರೀ."

"ಯಾಕ್ರೀ ಚಾಚಾ? ಕೆಲಸ ಭಾಳ ಐತೇನು?"

"ದೀಪಾವಳಿಗೆ ಮೂವತ್ತೆರಡು ಇದ್ದಾಂವ ಈಗ ಇಪ್ಪತ್ತೆಂಟೂವರಿ ಅದಾನ. ಕೇಳಿದೆ. ಮದಲ ಬಾಯಿ ಬಿಡಲಿಲ್ಲ. ರಕ್ತ ಇನ್ನೂ ನಿಂತಿಲ್ಲಂತ್ರೀ."

"ನನಗ ಹೇಳೇ ಇಲ್ಲಲ್ರೀ!"

"ಹೇಳಿದ್ನಂತಲ್ಲ ಒಮ್ಮೆ."

ನನಗೆ ಸಿಟ್ಟು ಬಂತು. "ಆ ವಯಸ್ಸಿಗೆ ಮೂಲವ್ಯಾಧಿ ಬಿಟ್ರ ಮತ್ತೇನು ಬರ್ತೈತ್ರೀ? ಹೊಲಿಯೋರು ಹೊಲೀರಿ. ಡಾಕ್ಟರಕಿ ಯಾಕ ಬೇಕು ನಿಮಗ?"

ಅವರು ಸಿಟ್ಟಾಗಲಿಲ್ಲ. ಪ್ಯಾಂಟಿನ ಮಡಿಕೆ ಬಿಚ್ಚಿ, ಸೊಂಟದ ಹೊಲಿಗೆಯ ಮೇಲೆ ನೀಲಿ ಉಗುರು ಆಡಿಸುತ್ತ ನಿಂತರು. ಅವರಿಗೆ ತಮ್ಮನೊಬ್ಬನಿದ್ದನೆಂದು ನನಗೆ ಗೊತ್ತಿತ್ತು. ಬಹಳ ಹಿಂದೆ, ಮೂವತ್ತೊಂದಕ್ಕೇ ತೀರಿಕೊಂಡಿದ್ದ. ಹೇಗೆಂದು ನಾನು ಎಂದೂ ಕೇಳಿರಲಿಲ್ಲ.

"ನನ್ನ ತಮ್ಮ ಬಾಜೂನ ಮಶೀನಿಗೆ ಕುಂದರತಿದ್ದಾ. ಅಂವಂದೂ ಮೂಲವ್ಯಾಧಿ ಅಂತ ಪುಡಿ ತಂದು ಕೊಟ್ವಿ. ವರ್ಷದಾಗ ಮೂರು ಸರತಿ ಅವನ ಪಾಯಜಾಮಾ ಸಣ್ಣ ಮಾಡಿಕೊಟ್ಟೆ ಮಾಸ್ತರ್ರ. ಈ ಕೈಲೇನ. ಅಳತಿ ಬರಕೊಂಡೆ. ಯಾಕ ಸಣ್ಣ ಆಗಾಕತ್ತೀ ಅಂತ ಕೇಳಲಿಲ್ಲ."

ಪ್ಯಾಂಟನ್ನು ನನ್ನ ತೊಡೆಯ ಮೇಲಿಟ್ಟರು. "ಡಾಕ್ಟರ್ ಏನೂ ಇಲ್ಲ ಅಂದ್ರ ಸಂಜೀಕ ತರ್ರಿ. ನಿಂತ ಮೆಟ್ಟಿನ್ಯಾಗ ಮಾಡಿಕೊಡತೇನಿ."

ಅವರು ಹೋದ ಮೇಲೆ ಮನೆಯೊಳಗೆ ಎಷ್ಟು ಸಲ ತಿರುಗಾಡಿದೆನೋ. ಮರುದಿನ ಬೆಳಿಗ್ಗೆ ಮಗನೊಂದಿಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಡಾಕ್ಟರಮ್ಮ ಎಲ್ಲ ಕೇಳಿ, ನನ್ನ ಕಡೆ ತಿರುಗಿದರು. "ಭಾಳ ಮಂದಿಗೆ ಇದು ಮೂಲವ್ಯಾಧಿನ ಇರ್ತೈತ್ರೀ. ಆದ್ರ ನೋಡದನ ಹಂಗ ಹೇಳಾಕ ಬರಂಗಿಲ್ಲ. ಸಂಡಾಸದಾಗ ರಕ್ತ ಕಂಡ್ರ ತೋರಿಸಬೇಕು. ಹೊಟ್ಟಿ ರೀತಿ ಬದಲಾಗಿ ಮೂರು ವಾರ ಹಂಗ ಉಳದ್ರ ತೋರಿಸಬೇಕು. ಕಾರಣ ಇಲ್ಲದ ತೂಕ ಇಳದ್ರಂತೂ ಕಾಯಬಾರದು. ಹುಡುಗರದು ಸಣ್ಣ ವಯಸ್ಸು ಅಂತ ಮನ್ಯಾಗ ಇಟಗೊಂಡು ಕುಂದರಬ್ಯಾಡ್ರಿ."

ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡಿದರು. ದೊಡ್ಡ ಕರುಳಿನಲ್ಲಿ ಗಂಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ದಿನಗಳಲ್ಲಿ ನನ್ನ ಐದು ಗಂಟೆ, ಐದೂವರೆ ಎಲ್ಲ ಕಲಸಿಹೋದವು. ಹಾಲು ಉಕ್ಕಿಸಿದೆ. ಚಪ್ಪಲಿ ಅದಲುಬದಲು ಹಾಕಿಕೊಂಡು ಚಾಚಾನ ಅಂಗಡಿಗೆ ಹೋದೆ. ಅವರು ಸ್ಟೂಲು ಸರಿಸಿ, ಬಿಚ್ಚಬೇಕಾದ ಹಳೆಯ ಹೊಲಿಗೆಯೊಂದನ್ನು ಕೈಗೆ ಕೊಟ್ಟರು. ದಿನಾ ಹೋಗಿ ದಾರ ಬಿಚ್ಚುತ್ತ ಕೂತೆ.

ಕ್ಯಾನ್ಸರೇ ಆಗಿತ್ತು. ಕರುಳಿನಾಚೆ ಹರಡಿರಲಿಲ್ಲ. ಆಪರೇಶನ್ ಆಯಿತು, ತಿಂಗಳುಗಟ್ಟಲೆ ಔಷಧಿ ಆಯಿತು. ಇನ್ನು ತಡವಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂದರು ಡಾಕ್ಟರಮ್ಮ. ಆ ಮಾತನ್ನು ನಾನು ಅಂಗಡಿಗೆ ಹೋಗಿ ಹೇಳಿದಾಗ ಚಾಚಾ ಮಶೀನು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿದರು. "ಪ್ಯಾಂಟ್ ಎಲ್ಲೈತಿ? ಇಟ್ಟೀರಿಲ್ಲೋ?" ಎಂದಷ್ಟೇ ಕೇಳಿದರು.

ಆಮೇಲೆ ಪ್ರತಿ ತಪಾಸಣೆಗೆ ಮೊದಲು ಮಗ ಅಂಗಡಿಗೆ ಹೋಗಿ ಸೊಂಟ ಅಳೆಸಿಕೊಳ್ಳುತ್ತಿದ್ದ. ಅಳತೆ ಆಸ್ಪತ್ರೆಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನಮ್ಮ ಮೂವರಿಗೆ. ಹೋದ ರಂಜಾನ್ ಮುಗಿದ ವಾರ ಚಾಚಾಗೆ ಎದೆನೋವು ಬಂತು; ಎರಡೇ ದಿನ. ಮಣ್ಣಿಗೆ ಹೋದಾಗ ಮಗ ಸಣ್ಣ ಮಾಡಿಸದೆ ಇಟ್ಟಿದ್ದ ಆ ಪ್ಯಾಂಟನ್ನೇ ಹಾಕಿಕೊಂಡಿದ್ದ. ವಾರದ ನಂತರ ಅವರ ಹೆಂಡತಿ ಟೇಪನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ನಿಮ್ಮ ಹುಡುಗಗ ಬೇಕಾಗ್ತೈತಿ" ಎಂದರು.

ಬೆಳಗಿನ ಆ ಪ್ರಶ್ನೆಯನ್ನು ನಾನು ಬಿಟ್ಟು ನಾಲ್ಕು ವರ್ಷವಾಯಿತು. ಈಗ "ಹೆಂಗದೀಯೋ ತಮ್ಮಾ?" ಎನ್ನುತ್ತೇನೆ, ಪೂರ್ತಿ ಉತ್ತರ ಬರುವವರೆಗೆ ನಿಲ್ಲುತ್ತೇನೆ. ಇಂದು ಅವನು ಕೆಲಸದಿಂದ ಬಂದವನೇ ಮೇಜಿನ ಮೇಲಿನ ಟೇಪು ನೋಡಿ, ಅಂಗಿ ಎತ್ತಿ ನನ್ನೆದುರು ನಿಂತ. ನಾನು ಅವನ ಸೊಂಟ ಅಳೆದದ್ದು ಅದೇ ಮೊದಲು. ಅಂಕಿ ಇಲ್ಲದ ಕಡೆ ಹೆಬ್ಬೆರಳಿಟ್ಟು, ಉಳಿದಿದ್ದ ಇಪ್ಪತ್ತೇಳರಿಂದ ಗೆರೆ ಎಣಿಸಿದೆ. ಐದು ಗೆರೆ. ಮೂವತ್ತೆರಡು.

"ಆತೇನಪ್ಪಾ?" ಎಂದ.

"ನಿಂದರೋ ಸರಳ," ಎಂದೆ. ಮತ್ತೊಮ್ಮೆ ಎಣಿಸಿದೆ.