ಗಂಡಸರಿಲ್ಲದ ಕುಶಿ ಹಬ್ಬ

ಲೋಗು ಹಟ್ಟಿಯಲ್ಲಿ ಇರುವುದು ಒಂಬತ್ತೇ ಮನೆ. ಎಲ್ಲವೂ ಒಂದೇ ಕುಲದವು. ಪೇಟೆಗೆ ಹೋಗಬೇಕಾದರೆ ಮೇಲಿನ ಘಾಟಿ ಹತ್ತಿ ಇಳಿಯಬೇಕು, ಬೇರೆ ದಾರಿಯಿಲ್ಲ. ಆ ಹಟ್ಟಿಗೆ ವುಸಾಮೊ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ಕಟ್ಟಿಕೊಂಡದ್ದು ಸೋದರತ್ತೆಯ ಮಗ ಲಾಬುವನ್ನೇ. ಮದುಮಗಳು ಮದುವೆಗೆ ಮುಂಚೆ ಐದು ದಿನ ಉಪವಾಸ ಇರುವುದು ಈ ಬೆಟ್ಟಸೀಮೆಯ ನೋಸು ಜನರ ಪದ್ಧತಿ. ಹಾಗೆ ಬರಿಹೊಟ್ಟೆಯಲ್ಲಿ ಕುದುರೆ ಹತ್ತಿ ಬಂದವಳು, ಕೊನೆಯ ಏರಿನಲ್ಲಿ ಕುದುರೆ ಕಾಲು ಜಾರಿ ಮೊಣಕಾಲೂರಿದಾಗ ತಾನೇ ಇಳಿದು, ಲಗಾಮು ಹಿಡಿದು ಅದನ್ನು ಎಳೆದುಕೊಂಡು ಅಂಗಳಕ್ಕೆ ಬಂದಿದ್ದಳು. ನೆಂಟರು ಬಾಯಿ ಬಾಯಿ ಬಿಟ್ಟರು. ಮಾವ ಮುಗಾ ಮಾತ್ರ ನಕ್ಕುಬಿಟ್ಟಿದ್ದ.

ಮಾವ ಸೊಸೆ ಎದುರೆದುರು ಕೂತು ಮಾತಾಡುವ ಹಾಗಿಲ್ಲ. ಅದಕ್ಕೆ ಮುಗಾ ತನ್ನ ಮಾತನ್ನೆಲ್ಲ ನಾಯಿಯ ಕಿವಿಗೆ ಹಾಕುತ್ತಿದ್ದ. "ಇವತ್ತು ಹುಳಿಸೊಪ್ಪಿನ ಸಾರು ಹೇಗಿದೆ ಗೊತ್ತೇನೋ? ನಿಮ್ಮಜ್ಜಿ ಜನ್ಮದಲ್ಲಿ ಮಾಡಿಲ್ಲ ಇಂಥದ್ದನ್ನ" ಎನ್ನುವನು. ಒಲೆಯ ಆಚೆ ಬದಿಯಲ್ಲಿ ವುಸಾಮೊ ತುಟಿ ಕಚ್ಚಿ ನಗು ತಡೆಯುವಳು. ಇಪ್ಪತ್ತೆಂಟು ವರ್ಷ ಹೀಗೆ ನಾಯಿಯ ಮೂಲಕವೇ ಅವರಿಬ್ಬರ ಮಾತುಕತೆ ನಡೆಯಿತು. ನಡುವೆ ನಾಯಿಗಳು ಮೂರು ಬದಲಾದವು. ಕಳೆದ ಚಳಿಗಾಲದಲ್ಲಿ ಮುಗಾ ತೀರಿಕೊಂಡ.

ಕುಶಿ ಎಂದರೆ ವರ್ಷ ತಿರುಗುವ ಹಬ್ಬ. ಸುಗ್ಗಿ ಮುಗಿದ ಮೇಲೆ, ಗೊತ್ತಾದ ದಿನ, ಸತ್ತ ಹಿರಿಯರು ತಮ್ಮ ತಮ್ಮ ಮನೆಗೆ ಬರುತ್ತಾರೆ. ಅವರಿಗೆ ಹಂದಿ ಕೊಯ್ದು ಎಡೆ ಇಡಬೇಕು. ಮೂರನೆಯ ದಿನ ಬೆಳಗಾಗುವ ಮೊದಲೇ ಅವರು ಹೊರಟುಬಿಡುತ್ತಾರೆ. ಈ ಸಲ ಮುಗಾ ಹಿರಿಯನಾಗಿ ಮೊದಲ ಬಾರಿ ಬರುವವನು. ಹದಿನಾಲ್ಕು ತಿಂಗಳಿಂದ ಸಾಕುತ್ತಿದ್ದ ಒಂದು ಕರಿ ಹಂದಿಯನ್ನು ವುಸಾಮೊ ಅವನಿಗೋಸ್ಕರ ತೆಗೆದಿರಿಸಿದ್ದಳು. ಟರ್ನಿಪ್ ಗೆಡ್ಡೆ, ಸಣ್ಣ ಆಲೂಗೆಡ್ಡೆ ಬೇಯಿಸಿ ಹಾಕಿ ಹಾಕಿ ಅದರ ಬೆನ್ನು ಹಲಗೆಯಷ್ಟು ಅಗಲವಾಗಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಲಾಬುವಿನ ಫೋನು ಬಂತು. ಹಟ್ಟಿಯಿಂದ ದೂರದ ಸುರಂಗದ ಕೆಲಸಕ್ಕೆ ಹೋಗಿದ್ದ ಹದಿನಾಲ್ಕು ಗಂಡಸರೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದರು.

"ಘಾಟಿ ಮೇಲೆ ಹಿಮ ಸೊಂಟದ ತನಕ ಬಿದ್ದಿದೆಯಂತೆ ಕಣೇ. ಬಸ್ಸು ವಾಪಸ್ ಪೇಟೆಗೆ ಬಂತು. ದಾರಿ ಬಿಡೋಕೆ ಮೂರು ದಿನವಾದ್ರೂ ಬೇಕಂತೆ."

"ನಾಳೆ ಹಬ್ಬ" ಎಂದಳು ವುಸಾಮೊ.

"ನನಗೆ ಗೊತ್ತಿಲ್ವಾ? ಏನ್ ಮಾಡ್ಲಿ, ಹಾರಿ ಬರ್ಲಾ? ಅಪ್ಪನ ಮೊದಲ ಕುಶಿ..." ಅಷ್ಟರಲ್ಲಿ ಫೋನು ಕಟ್ಟಾಯಿತು.

ಸುದ್ದಿ ಕೇಳಿ ಹೆಂಗಸರೆಲ್ಲ ಜ್ಯೇಹಾ ಅಜ್ಜನ ಅಂಗಳದಲ್ಲಿ ಸೇರಿದರು. ಹಟ್ಟಿಯಲ್ಲಿ ಉಳಿದ ಗಂಡಸರೆಂದರೆ ಎಂಬತ್ತೊಂದು ವರ್ಷದ ಈ ಅಜ್ಜ, ಮತ್ತೆ ಅಕ್ರೋಟದ ಮರದಿಂದ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ವಾಜಿ. ಹಬ್ಬದ ಹಂದಿಯನ್ನು ಹಿಡಿಯುವುದೂ ಕೊಯ್ಯುವುದೂ ಗಂಡಸರದೇ ಕೆಲಸ. ಆವತ್ತು ಹೆಂಗಸರು ದೊಡ್ಡಿಯ ಬೇಲಿಯ ಒಳಗೂ ಕಾಲಿಡುತ್ತಿರಲಿಲ್ಲ.

"ಮೂರು ದಿನ ಮುಂದಕ್ಕೆ ಹಾಕೋಣ" ಎಂದಳು ವಾಜಿಯ ಹೆಂಡತಿ ನ್ಯೇದಾಮೊ.

"ಹಾಕು. ಸತ್ತವರಿಗೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ?" ವುಸಾಮೊ ಕೇಳಿದಳು. "ನಾಳೆ ಬಂದು ಬಾಗಿಲಲ್ಲಿ ನಿಲ್ತಾರೆ. ಒಲೆ ಮೇಲೆ ಬರೀ ಬಿಸಿನೀರು. ನಮ್ಮ ಮಾವ ಹೋದ ವರ್ಷ ಇದೇ ಅಂಗಳದಲ್ಲಿ ಕೂತು ತಿಂದವರು. ಅವರ ಮುಖಕ್ಕೆ ಖಾಲಿ ಬಟ್ಟಲು ಹಿಡೀಲಾ ನಾನು? ನಾವು ಹಿಡಿಯೋಣ. ಚಾಕು ಅಜ್ಜ ಹಿಡೀಲಿ."

ಎಲ್ಲರೂ ಅಜ್ಜನ ಕೈ ನೋಡಿದರು. ತಂಬಾಕಿನ ಕೊಳವೆ ಹಿಡಿದ ಆ ಕೈ ಸುಮ್ಮನೆ ಕೂತಾಗಲೂ ನಡುಗುತ್ತಿತ್ತು.

"ಯಾಕೆ ಹಾಗೆ ನೋಡ್ತೀರಿ? ನಡುಗಿದ್ರೆ ಒಳ್ಳೇದೇ. ಒಂದೇ ಏಟಿಗೆ ನಾಲ್ಕು ಸಲ ಚುಚ್ಚಿದ ಹಾಗಾಗುತ್ತೆ" ಎಂದ ಅಜ್ಜ.

ಹೆಂಗಸರು ನಕ್ಕರು. ನಗದೆ ಇದ್ದವಳು ವುಸಾಮೊಳ ಅತ್ತೆಯೊಬ್ಬಳೇ. ಕೋಲೂರಿ ಎದ್ದು ನಿಂತಳು.

"ಹೆಂಗಸರ ಕೈ ಬಿದ್ದ ಹಂದೀನ ಹಿರಿಯರ ಮುಂದೆ ಇಡ್ತೀಯಾ? ಈ ಮನೇಲಿ ಏನಾದ್ರೂ ಕೆಟ್ಟದ್ದಾದ್ರೆ ಯಾರೇ ಹೊಣೆ?"

"ನಾನೇ ಅತ್ತೆ."

"ನಮ್ಮಣ್ಣ, ನಿಮ್ಮಪ್ಪ, ನಿನ್ನನ್ನ ಮುದ್ದು ಮಾಡಿ ಹಾಳು ಮಾಡಿದ" ಎಂದು ಮುದುಕಿ ಮನೆಗೆ ಹೋದಳು. ಸಂಜೆಯಿಡೀ ಸೊಸೆಗೆ ಬೆನ್ನು ಹಾಕಿ ಕೂತಿದ್ದಳು. ವುಸಾಮೊ ಅದನ್ನು ಕಂಡೂ ಕಾಣದಂತೆ ಹಗ್ಗ ಹೊಸೆದಳು, ಚಾಕು ಮಸೆದಳು, ಹಂದಿಯ ಕೂದಲು ಸುಡಲು ಒಣ ಜರಿಸೊಪ್ಪಿನ ಹೊರೆ ಕಟ್ಟಿಟ್ಟಳು.

ಬೆಳಿಗ್ಗೆ ಹಿಮ ನಿಂತಿತ್ತು. ಮೊದಲ ಹಂದಿ ಹಿರಿಯನ ಮನೆಯದು, ಅಂದರೆ ಜ್ಯೇಹಾ ಅಜ್ಜನದು. ಹೆಂಗಸರು ಏಳು ಜನ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ದೊಡ್ಡಿಗೆ ಇಳಿದರು. ಯಾರು ಏನು ಹಿಡಿಯಬೇಕೆಂದು ಯಾರಿಗೂ ಗೊತ್ತಿಲ್ಲ. ನ್ಯೇದಾಮೊ ಬಾಲ ಹಿಡಿದಳು. ಹಂದಿ ಅವಳನ್ನು ಕೆಸರಲ್ಲಿ ಎರಡು ಸುತ್ತು ಎಳೆದಾಡಿತು.

"ಬಿಡೇ ಬಾಲನ! ಕಾಲು ಹಿಡಿ, ಕಾಲು!" ಬೇಲಿಯ ಆಚೆ ಸ್ಟೂಲಿನ ಮೇಲೆ ಕೂತ ವಾಜಿ ಕೂಗಿದ.

"ನೀನು ಮರ ಹಿಡಿದ ಹಾಗೆ ಹಿಡೀಲಾ?" ಕೆಸರಿನಿಂದಲೇ ಅವನ ಹೆಂಡತಿ ತಿರುಗಿ ಕೂಗಿದಳು.

ವುಸಾಮೊ ಹಿಂಗಾಲಿಗೆ ಕುಣಿಕೆ ಹಾಕಿ ಜಗ್ಗಿದಳು. ಹಂದಿ ಮಗ್ಗುಲಾಗಿ ಬಿತ್ತು. ಉಳಿದವರು ಮೈಮೇಲೆ ಬಿದ್ದು ಒತ್ತಿದರು. ಅಜ್ಜ ಚಾಕು ಇಟ್ಟ. ಚರ್ಮದ ಮೇಲೆ ಅದು ತಟತಟ ಕುಣಿಯಿತೇ ಹೊರತು ಒಳಗೆ ಇಳಿಯಲಿಲ್ಲ. ಅಜ್ಜನ ಮುಖ ಬಾಡಿತು. ವುಸಾಮೊ ಒಂದು ಗಳಿಗೆ ಅವನ ಮುಖ ನೋಡಿ, ಅವನ ಕೈಯ ಮೇಲೆ ತನ್ನ ಕೈಯನ್ನಿಟ್ಟಳು.

"ಕೈ ನಿನ್ನದು ಅಜ್ಜ. ಕಸುವು ನಂದು."

ಚಾಕು ಇಳಿಯಿತು.

ಮೂರನೆಯದು ಅವಳ ಮನೆಯ ಸರದಿ. ಆ ಹೊತ್ತಿಗೆ ಹೆಂಗಸರ ತೋಳು ಸೋತಿದ್ದವು. ಹದಿನಾಲ್ಕು ತಿಂಗಳು ಉಂಡ ಕರಿ ಹಂದಿ ಒಮ್ಮೆ ಮೈ ಕೊಡವಿತು, ಅಷ್ಟೇ. ಹಗ್ಗ ಕಿತ್ತುಕೊಂಡು, ಬೇಲಿಯ ಎರಡು ಗೂಟ ಮುರಿದು, ನೇರ ಇಳಿಜಾರಿನ ಕಡೆ ನುಗ್ಗಿತು. ಕೆಳಗೆ ಹಿಮ ತುಂಬಿದ ಕೊರಕಲು. ಅಲ್ಲಿಗೆ ಬಿದ್ದರೆ ಇವತ್ತಿಗೆ ಸಿಗುವ ಮಾತಿಲ್ಲ. ವುಸಾಮೊ ಓಡಿದಳು, ಜಾರಿ ಬಿದ್ದಳು, ಮತ್ತೆ ಎದ್ದಳು. ಅಂಗಳದ ತುದಿಯಲ್ಲಿ ಅತ್ತೆ ನಿಂತಿದ್ದಳು. ಹಂದಿ ಎದುರಿಗೇ ಬರುತ್ತಿತ್ತು.

"ಅತ್ತೆ, ಪಕ್ಕಕ್ಕೆ ಹೋಗು!"

ಮುದುಕಿ ಹೋಗಲಿಲ್ಲ. ಹೆಗಲ ಮೇಲಿನ ದಪ್ಪ ಉಣ್ಣೆ ಕಂಬಳಿ ಬಿಚ್ಚಿ ಹಂದಿಯ ತಲೆಯ ಮೇಲೆ ಎಸೆದಳು. ಕಣ್ಣು ಕತ್ತಲಾದ ಹಂದಿ ನಿಂತಲ್ಲೇ ಗಿರಗಿರ ತಿರುಗಿತು. ಅಷ್ಟರಲ್ಲಿ ವುಸಾಮೊ ಬಂದು ಅದರ ಮೇಲೆ ಬಿದ್ದಳು.

"ಹಿಡ್ಕೊಳ್ಳೇ, ಬಿಟ್ಟೀಯ! ನಿಮ್ಮ ಮಾವ ಬಂದು ಕಾಯ್ತಾ ಕೂತಿರ್ತಾನೆ, ಅವನಿಗೆ ಮೊದಲೇ ಹಸಿವು ತಡೆಯಲ್ಲ!" ಎನ್ನುತ್ತಾ ಮುದುಕಿ ತಾನೂ ಕಂಬಳಿಯ ಮೇಲೆ ಕೂತುಬಿಟ್ಟಳು.

ಹಂದಿ ಕೊಯ್ದು, ಜರಿಸೊಪ್ಪಿನ ಬೆಂಕಿಯಲ್ಲಿ ಸುಟ್ಟು, ಹೊಟ್ಟೆ ಸೀಳಿದ ಮೇಲೆ ಅಜ್ಜ ಪಿತ್ತಕೋಶ ಎತ್ತಿ ಬೆಳಕಿಗೆ ಹಿಡಿದ. ಮುಂದಿನ ವರ್ಷದ ಶಕುನ ಅದರಲ್ಲಿ ಕಾಣುತ್ತದೆ. ವುಸಾಮೊ ರಕ್ತದ ಕೈಯಲ್ಲೇ ನಿಂತಿದ್ದಳು. ಏನೇ ಹೇಳಿದರೂ ಮಾಂಸ ಬೇಯಿಸಿಯೇ ಬೇಯಿಸುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

"ತುಂಬಿದೆ. ಬಣ್ಣ ಚೆನ್ನಾಗಿದೆ" ಎಂದ ಅಜ್ಜ. ಇನ್ನಷ್ಟು ಹತ್ತಿರ ಹಿಡಿದು ನೋಡಿ, "ಈ ಮನೇಲಿ ಹಠಮಾರಿ ಹೆಂಗಸರಿದ್ದಾರೆ ಅಂತಲೂ ಕಾಣ್ತಿದೆ. ಎಷ್ಟು ಜನ ಅಂತ ಎಣಿಸೋಕೆ ನನ್ನ ಕಣ್ಣು ಸಾಲದು."

ಐದು ಹಂದಿಯಾದ ಮೇಲೆ ಅಜ್ಜ ಸುಸ್ತಾಗಿ ಕೂತ. ಮುಂದಿನ ಎರಡಕ್ಕೆ ವಾಜಿಯನ್ನು ಸ್ಟೂಲು ಸಮೇತ ಹೊತ್ತು ತಂದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಉಳಿದೆರಡು ಮನೆಯ ಹಂದಿಗಳು ಮರುದಿನಕ್ಕೆ ಉಳಿದವು. ಆ ಮನೆಗಳ ಹಿರಿಯರಿಗೆ ಪಕ್ಕದ ಮನೆಗಳಿಂದ ಮಾಂಸ ಹೋಯಿತು.

ವುಸಾಮೊ ಕಾಯಿಸಿದ ಕಲ್ಲನ್ನು ನೀರಿಗೆ ಹಾಕಿ, ಏಳುವ ಆವಿಯ ಮೇಲೆ ಮಾಂಸದ ಬಟ್ಟಲನ್ನು ಸುತ್ತಿಸಿ ಮಡಿ ಮಾಡಿದಳು. ಮುಷ್ಟಿಗಾತ್ರದ ಮಾಂಸದ ತುಂಡು, ಹಂದಿಯ ಈಲಿ, ಬೆಟ್ಟದ ಹೊಲದ ಕಹಿಧಾನ್ಯದ ರೊಟ್ಟಿ, ಮೆಕ್ಕೆಜೋಳದ ಹೆಂಡ, ಎಲ್ಲವನ್ನೂ ಅತ್ತೆ ತನ್ನ ಕೈಯಾರೆ ಒಲೆಯ ಮೇಲ್ಬದಿಯ ಅಟ್ಟಕ್ಕೆ ಏರಿಸಿದಳು. "ನಿನ್ನ ಸೊಸೆ ಹಿಡಿದದ್ದು. ಕೊಬ್ಬು ಜಾಸ್ತಿ ಇರೋ ಕಡೆಯಿಂದ ಕೊಟ್ಟಿದೀನಿ. ತಿನ್ನು" ಎಂದಳು. ವುಸಾಮೊ ಬೆಂಕಿಗೆ ಸೌದೆ ಸರಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಗಂಡಸರು ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಬಸ್ಸು ಕಾಯದೆ ಹಿಮದಲ್ಲಿ ನಡೆದೇ ಘಾಟಿ ದಾಟಿದ್ದರು. ಹಿರಿಯರು ಬೆಳಗಿನ ಜಾವವೇ ಹೊರಟುಹೋಗಿದ್ದರು. ಕೆಲವರು ಹೊಟ್ಟೆ ತುಂಬ ತಿನ್ನುತ್ತಲೇ ಗೊಣಗಿದರು. "ಯಾರನ್ನ ಕೇಳಿ ಮಾಡಿದ್ರಿ?" ಎಂದ ಒಬ್ಬ.

"ನನ್ನನ್ನ ಕೇಳಿ. ನಿನ್ನ ಬಾಯಲ್ಲಿರೋದು ಏಳನೇ ಹಂದಿ. ಬೇಡವಾದ್ರೆ ಉಗಿ" ಎಂದ ಜ್ಯೇಹಾ ಅಜ್ಜ. ಅವನು ಉಗಿಯಲಿಲ್ಲ.

ಲಾಬು ಮಾತ್ರ ಬಟ್ಟಲು ಮುಟ್ಟಲಿಲ್ಲ. ಮುರಿದ ಬೇಲಿಯ ಹತ್ತಿರ ಹೋಗಿ ಕೂತ. ವುಸಾಮೊ ಅವನ ಹಿಂದೆಯೇ ಹೋದಳು.

"ಸಿಟ್ಟಾ?"

"ನಿನ್ನ ಮೇಲಲ್ಲ." ಒದ್ದೆ ಬೂಟಿನಿಂದ ಹಿಮ ಕೆರೆಯುತ್ತಾ ಹೇಳಿದ. "ಅಪ್ಪ ಮೊದಲ ಸಲ ಬಂದಾಗ ಮಗ ಮನೇಲಿರಲಿಲ್ಲ."

ಅವಳು ಪಕ್ಕದಲ್ಲಿ ಕೂತು, ಮೊದಲಿಂದ ಹೇಳತೊಡಗಿದಳು. ಯಾವ ತುಂಡು ಇಟ್ಟದ್ದು, ಅತ್ತೆ ಏನೆಂದದ್ದು, ಮೂರನೆಯ ದಿನದ ಬೆಳಗಿನ ಜಾವ ಬಾಗಿಲು ತೆರೆದು ಬುತ್ತಿ ಕಟ್ಟಿ ಕಳಿಸುವಾಗ ಅಂಗಳದ ಹಿಮ ಹೇಗಿತ್ತು. ಹಂದಿ ಓಡಿದ ಕಥೆಗೆ ಬಂದಾಗ ಲಾಬುವಿನ ಭುಜ ಅಲುಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಅಮ್ಮ ಕೂತಳಾ? ಹಂದಿ ಮೇಲೆ?"

"ಏಳು ಅಂದ್ರೂ ಏಳ್ಲಿಲ್ಲ."

ಆಮೇಲೆ ಅವನು ಒಳಗೆ ಬಂದು ಉಂಡ.

ಮುಂದಿನ ವರ್ಷ ಗಂಡಸರು ಹತ್ತು ದಿನ ಮೊದಲೇ ಬಂದರು; ಹೆಂಗಸರು ಬೇಲಿಯ ಹೊರಗೆ ನಿಂತರು. ಅದರ ಮುಂದಿನ ವರ್ಷ ಸುರಂಗದ ಕೆಲಸ ಬಿಟ್ಟು ಬರಲಾದದ್ದು ಐದೇ ಜನಕ್ಕೆ. ಹಬ್ಬದ ಬೆಳಿಗ್ಗೆ ಆ ಐವರೂ ಒಂದಿಷ್ಟು ಹೊತ್ತು ದೊಡ್ಡಿಯ ಮುಂದೆ ತಲೆ ಕೆರೆದುಕೊಂಡು ನಿಂತು, ಕೊನೆಗೆ ಹಗ್ಗ ಹಿಡಿದು ಅವಳ ಬಾಗಿಲಿಗೆ ಬಂದರು.

"ಅತ್ತಿಗೆ, ಹಿಂಗಾಲಿಗೆ ಜನ ಸಾಲ್ತಿಲ್ಲ" ಎಂದ ಕಿರಿಯವನು, ನೆಲ ನೋಡುತ್ತಾ.

ವುಸಾಮೊ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ನ್ಯೇದಾಮೊನೂ ಕರೀರಿ" ಎಂದು ಹೇಳಿ ಮೊದಲು ಹೊರಟಳು.